ಒಂದು ಬಿಟ್‌ಕಾಯಿನ್ ಇನ್ನೊಂದಕ್ಕೆ ಸಮವೇ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಮಗೆ ಸ್ವಲ್ಪ ಅಡಿಕೆ ತೋಟವಿದೆ. ರಾಶಿ ಅಡಿಕೆ ಮಾರಿದ ಹಣದಲ್ಲಿ ಒಂದು ಪಾಲನ್ನು ಎಕ್ಸ್‌ಚೇಂಜ್ ಒಂದರ ಮೂಲಕ ಬಿಟ್‌ಕಾಯಿನ್‌ನಲ್ಲಿ ಹಾಕಿದ್ದೇನೆ. ಈಚೆಗೆ ಪರಿಚಯದವರೊಬ್ಬರು ಟೆಲಿಗ್ರಾಂ ಗುಂಪಿನ ಮೂಲಕ ಮಾರುಕಟ್ಟೆ ದರಕ್ಕಿಂತ ಶೇ. 8ರಷ್ಟು ಕಡಿಮೆಗೆ 0.02 ಬಿಟ್‌ಕಾಯಿನ್ ಕೊಡಿಸಿದರು. ಅದು ನನ್ನ ಫೋನಿನ ವಾಲೆಟ್‌ನಲ್ಲಿದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಮ್ಮ, ‘ಆ ಕಾಯಿನ್ ಬೇರೆ, ಎಕ್ಸ್‌ಚೇಂಜ್‌ನ ಕಾಯಿನ್ ಬೇರೆ, ಎರಡನ್ನೂ ಕೂಡಿಸಬೇಡ’ ಎನ್ನುತ್ತಾನೆ. ನೂರು ರೂಪಾಯಿಯ ಒಂದು ನೋಟು ಇನ್ನೊಂದಕ್ಕೆ ಸಮವಾಗಿರುವಂತೆ ಒಂದು ಬಿಟ್‌ಕಾಯಿನ್ ಇನ್ನೊಂದಕ್ಕೆ ಸಮವಲ್ಲವೇ? ರಿಸರ್ವ್ ಬ್ಯಾಂಕಿನ ಡಿಜಿಟಲ್ ರೂಪಾಯಿಯ ವಿಷಯದಲ್ಲೂ ಹೀಗೆಯೇ?

ಉತ್ತರ: ನಿಮ್ಮ ತಮ್ಮನ ಮಾತನ್ನು ಬಿಟ್‌ಕಾಯಿನ್ ಜಾಲ ಒಪ್ಪುವುದಿಲ್ಲ, ಆದರೆ ಜಾಲದ ಹೊರಗಿರುವ ಎಲ್ಲರೂ ಒಪ್ಪುತ್ತಾರೆ. 2009ರ ಜನವರಿ 3ರಂದು ಮೊದಲ ಬ್ಲಾಕ್ (ವ್ಯವಹಾರಗಳನ್ನು ದಾಖಲಿಸುವ ಕಡತದ ಒಂದು ಪುಟವೆನ್ನಿ) ಹುಟ್ಟಿದಂದಿನಿಂದ ಇಂದಿನವರೆಗೆ ಆ ಜಾಲದ ನಿಯಮಾವಳಿಯಲ್ಲಿ ಒಳ್ಳೆಯ ನಾಣ್ಯ, ಕೆಟ್ಟ ನಾಣ್ಯ ಎಂಬ ವಿಂಗಡಣೆಗೆ ಜಾಗವೇ ಇಲ್ಲ. ಸಹಿ ಸರಿಯಾಗಿದೆಯೇ, ಈ ಮೊತ್ತ ಈ ಮೊದಲೇ ಖರ್ಚಾಗಿದೆಯೇ ಎಂಬಂಥ ಲೆಕ್ಕದ ಪ್ರಶ್ನೆಗಳನ್ನಷ್ಟೇ ಕೇಳಿ ಅದು ವ್ಯವಹಾರವನ್ನು ದಾಖಲಿಸಿಕೊಳ್ಳುತ್ತದೆ. ನೀವು ಅದೇ ನಾಣ್ಯವನ್ನು ರೂಪಾಯಿ ಮಾಡಿಕೊಳ್ಳಲು ಎಕ್ಸ್‌ಚೇಂಜಿನ ಬಾಗಿಲಿಗೆ ಹೋದಾಗ ಮಾತ್ರ ಜಾಲ ಎಂದೂ ಕೇಳದ ಪ್ರಶ್ನೆಯೊಂದು ಎದುರಾಗುತ್ತದೆ: ಇದು ನಿಮಗೆ ಯಾರಿಂದ ಬಂತು, ಅವರಿಗೆ ಯಾರಿಂದ ಬಂತು?

ಈ ಪ್ರಶ್ನೆ ಕೇಳಲು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ತಿಳಿಯಲು ವಾಲೆಟ್‌ನ ಒಳಗನ್ನು ಸ್ವಲ್ಪ ನೋಡಬೇಕು. ನಿಮ್ಮ ಫೋನಿನ ಪರದೆಯಲ್ಲಿ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿರುವಂತೆ ಒಂದೇ ಮೊತ್ತ ಕಾಣುತ್ತದೆಯಾದರೂ ಜಾಲದಲ್ಲಿ ಅಂಥ ಮೊತ್ತವೇ ಇರುವುದಿಲ್ಲ. ಅಲ್ಲಿರುವುದು ಯಾರು ಯಾರೋ ಬೇರೆ ಬೇರೆ ದಿನ ನಿಮಗೆ ಕಳಿಸಿದ, ನೀವಿನ್ನೂ ಖರ್ಚು ಮಾಡದ ಬಿಡಿ ಬಿಡಿ ತುಂಡುಗಳು. 0.03ರ ಒಂದು ತುಂಡು, 0.02ರ ಇನ್ನೊಂದು ತುಂಡು ಇದ್ದು ನೀವು ಯಾರಿಗೋ 0.04 ಕೊಡಬೇಕಾದರೆ, ವಾಲೆಟ್ ಎರಡೂ ತುಂಡುಗಳನ್ನು ಒಟ್ಟಿಗೆ ಕರಗಿಸಿ, 0.04ರ ಹೊಸ ತುಂಡೊಂದನ್ನು ಅವರ ವಿಳಾಸಕ್ಕೂ, ಶುಲ್ಕ ಕಳೆದು ಉಳಿದ ಚಿಲ್ಲರೆಯನ್ನು ನಿಮ್ಮದೇ ಇನ್ನೊಂದು ವಿಳಾಸಕ್ಕೂ ಬರೆಯುತ್ತದೆ. ಹೀಗೆ ಪ್ರತಿ ತುಂಡಿಗೂ ತಾಯಿ ತುಂಡುಗಳಿವೆ, ಅವುಗಳಿಗೂ ತಾಯಿ ತುಂಡುಗಳಿವೆ. ಈ ವಂಶಾವಳಿ ಅದು ಗಣಿಗಾರಿಕೆಯಲ್ಲಿ, ಅಂದರೆ ಹೊಸ ಬ್ಲಾಕ್ ಸೇರಿಸಿದ ಕಂಪ್ಯೂಟರಿಗೆ ಬಹುಮಾನವಾಗಿ, ಹುಟ್ಟಿದ ಬ್ಲಾಕಿನವರೆಗೂ ಯಾರು ಬೇಕಾದರೂ ಓದಬಹುದಾದ ಸಾರ್ವಜನಿಕ ಕಡತದಲ್ಲಿ ಶಾಶ್ವತವಾಗಿ ಉಳಿದಿರುತ್ತದೆ.

ನೀವು ಅಡಿಕೆಯವರಾದ್ದರಿಂದ ವ್ಯತ್ಯಾಸ ಬೇಗ ಹಿಡಿಯುತ್ತೀರಿ. ಶಿವಮೊಗ್ಗದ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಣೆಯಾದ ಮೇಲೆ, ಒಂದೇ ದರ್ಜೆಯ ಒಂದು ಕ್ವಿಂಟಲ್ ಇನ್ನೊಂದಕ್ಕೆ ಸಮ. ಯಾರದೋ ಅಂಗಳದಿಂದ ರಾತ್ರಿ ಕದ್ದ ಮೂಟೆಯೊಂದು ಆ ರಾಶಿಗೆ ಸುರಿದುಹೋದರೆ ಕದ್ದ ಅಡಿಕೆ ಯಾವುದು, ದುಡಿದ ಅಡಿಕೆ ಯಾವುದು ಎಂದು ಮಾಲೀಕನೇ ಬಂದು ನಿಂತರೂ ಹೇಳಲಾರ. ಬಿಟ್‌ಕಾಯಿನ್‌ನಲ್ಲಿ ಪ್ರತಿ ಅಡಿಕೆಯ ಮೇಲೂ ತೋಟದ ಸರ್ವೆ ನಂಬರು, ಕೈ ಬದಲಾದ ತಾರೀಖುಗಳು ಅಚ್ಚೊತ್ತಿರುತ್ತವೆ. ಕಳ್ಳನ ಹೆಸರು ಮಾತ್ರ ಇರುವುದಿಲ್ಲ.

ಹೆಸರಿಲ್ಲದಿದ್ದರೂ ಕಡತ ಎಷ್ಟು ಗಟ್ಟಿ ಎಂಬುದಕ್ಕೆ ಬಿಟ್‌ಫಿನೆಕ್ಸ್ ಪ್ರಕರಣವನ್ನು ನೋಡಬಹುದು. 2016ರ ಆಗಸ್ಟ್‌ನಲ್ಲಿ ಆ ಎಕ್ಸ್‌ಚೇಂಜಿನಿಂದ 1,19,756 ಬಿಟ್‌ಕಾಯಿನ್ ಕಳವಾದವು. ಐದೂವರೆ ವರ್ಷಗಳ ನಂತರ, 2022ರ ಫೆಬ್ರವರಿಯಲ್ಲಿ, ಅಮೆರಿಕದ ನ್ಯಾಯಾಂಗ ಇಲಾಖೆ ಅವುಗಳಲ್ಲಿ 94,000ಕ್ಕೂ ಹೆಚ್ಚನ್ನು ವಶಪಡಿಸಿಕೊಂಡು ನ್ಯೂಯಾರ್ಕ್‌ನಲ್ಲಿ ದಂಪತಿಯನ್ನು ಬಂಧಿಸಿತು. ಅಷ್ಟೂ ವರ್ಷ ಅವುಗಳಲ್ಲಿ ಹೆಚ್ಚಿನವು ಎಲ್ಲರ ಕಣ್ಣೆದುರಿಗೇ ಕಡತದಲ್ಲಿದ್ದವು. ಈ ಬಗೆಯ ಜಾಡು ಹಿಡಿಯುವುದನ್ನೇ ಉದ್ಯೋಗ ಮಾಡಿಕೊಂಡ ಚೈನಾಲಿಸಿಸ್, ಎಲಿಪ್ಟಿಕ್‌ನಂಥ ಕಂಪನಿಗಳಿವೆ. ಎಕ್ಸ್‌ಚೇಂಜ್‌ಗಳು ಇಂಥವರ ಸಾಫ್ಟ್‌ವೇರ್ ಬಳಸಿ, ನೀವು ಜಮಾ ಮಾಡುವ ಪ್ರತಿ ತುಂಡಿಗೂ ಅಪಾಯದ ಅಂಕ ಹಾಕುತ್ತವೆ. ಅಂಕ ಹೆಚ್ಚಾದರೆ ಜಮೆಯನ್ನು ತಡೆಹಿಡಿಯುವುದು, ವಿವರಣೆ ಕೇಳುವುದು, ಖಾತೆಯನ್ನೇ ಸ್ತಂಭನಗೊಳಿಸುವುದು ಅವರವರ ನೀತಿ.

ಆ ಅಂಕವನ್ನು ಹೇಗೆ ಹಾಕುತ್ತಾರೆ ಎಂಬಲ್ಲಿ ನಿಮ್ಮ ಪ್ರಶ್ನೆಯ ತಿರುಳಿದೆ. ಇದನ್ನು ವಿಜ್ಞಾನದ ಅಳತೆ ಎಂದುಕೊಂಡವರೇ ಹೆಚ್ಚು. ನಿಮ್ಮ ಬಳಿ ಕಳವಿನ ಮೂಲದ 0.03ರ ಒಂದು ತುಂಡು, ಶುದ್ಧ ಮೂಲದ 0.07ರ ಇನ್ನೊಂದು ತುಂಡು ಇವೆ ಎಂದಿಟ್ಟುಕೊಳ್ಳಿ. ಎರಡನ್ನೂ ಕೂಡಿಸಿ ಸಾಗರದ ಸ್ನೇಹಿತರಿಗೆ 0.06 ಕಳಿಸುತ್ತೀರಿ, 0.04 ಚಿಲ್ಲರೆಯಾಗಿ ನಿಮಗೇ ಮರಳುತ್ತದೆ (ಶುಲ್ಕವನ್ನು ಸದ್ಯಕ್ಕೆ ಮರೆಯೋಣ). ಈಗ ಕಳವಿನ ಕಳಂಕ ಎಲ್ಲಿದೆ? ಹನಿ ವಿಷ ಬಿದ್ದರೆ ಕೊಡವೆಲ್ಲ ವಿಷ ಎಂಬ ಲೆಕ್ಕ ಹಿಡಿದರೆ ಎರಡೂ ತುಂಡುಗಳು, ಅಂದರೆ ಇಡೀ 0.10, ಕಳಂಕಿತ, ಕಳವಾದದ್ದು 0.03, ಕಳಂಕಿತವಾದದ್ದು ಅದರ ಮೂರು ಪಟ್ಟಿಗೂ ಹೆಚ್ಚು. ಪಾಲು ಹಂಚುವ ಲೆಕ್ಕ ಹಿಡಿದರೆ ಎರಡರಲ್ಲೂ ಶೇ. 30: ಸ್ನೇಹಿತರದರಲ್ಲಿ 0.018, ನಿಮ್ಮದರಲ್ಲಿ 0.012. ಮೊದಲು ಬಂದದ್ದು ಮೊದಲು ಹೊರಗೆ ಎಂಬ ಲೆಕ್ಕವೂ ಇದೆ. 1816ರ ಇಂಗ್ಲೆಂಡಿನ ಕ್ಲೇಟನ್ ಮೊಕದ್ದಮೆಯಲ್ಲಿ ಬ್ಯಾಂಕ್ ಖಾತೆಗೆ ಅನ್ವಯಿಸಿದ ಈ ಸೂತ್ರವನ್ನು ಬಿಟ್‌ಕಾಯಿನ್‌ಗೂ ಅನ್ವಯಿಸಬೇಕೆಂದು ಕೇಂಬ್ರಿಡ್ಜ್‌ನ ರಾಸ್ ಆಂಡರ್ಸನ್ ಮತ್ತು ಸಂಗಡಿಗರು 2018ರಲ್ಲಿ ಸೂಚಿಸಿದ್ದರು. ಅದರಂತೆ ವ್ಯವಹಾರದಲ್ಲಿ ಕಳವಿನ ತುಂಡು ಮೊದಲು ನಮೂದಾಗಿದ್ದರೆ ಕಳಂಕದ 0.03 ಅಷ್ಟೂ ಸ್ನೇಹಿತರ ಪಾಲಿಗೆ ಹೋಗಿ ನಿಮ್ಮ ಚಿಲ್ಲರೆ ಅಪ್ಪಟ ಶುದ್ಧವಾಗುತ್ತದೆ. ಶುದ್ಧ ತುಂಡು ಮೊದಲಿದ್ದರೆ ಸ್ನೇಹಿತರ 0.06 ಶುದ್ಧ, ನಿಮ್ಮ 0.04ರಲ್ಲಿ 0.03 ಕಳಂಕಿತ. ಯಾವುದು ಮೊದಲು ಎಂಬುದನ್ನು ತೀರ್ಮಾನಿಸಿದ್ದು ನೀವೂ ಅಲ್ಲ, ಸ್ನೇಹಿತರೂ ಅಲ್ಲ. ವಾಲೆಟ್ ಸಾಫ್ಟ್‌ವೇರ್ ತನ್ನ ಪಾಡಿಗೆ ಜೋಡಿಸಿಕೊಂಡ ಕ್ರಮ.

ಒಂದೇ ವ್ಯವಹಾರಕ್ಕೆ ನಾಲ್ಕು ಉತ್ತರ ಬಂದುದನ್ನು ಗಮನಿಸಿ. ನಾಲ್ಕೂ ಗಣಿತದ ದೃಷ್ಟಿಯಿಂದ ಸರಿ. ಆದ್ದರಿಂದ ಕಳಂಕವೆಂಬುದು ನಾಣ್ಯದಲ್ಲಿ ಅಂಟಿಕೊಂಡಿರುವ ಗುಣವೆಂದು ನಾನು ಒಪ್ಪುವುದಿಲ್ಲ. ಅದು ಲೆಕ್ಕ ಹಾಕುವವರ ಅಭಿಪ್ರಾಯ, ಮತ್ತು ಆ ಅಭಿಪ್ರಾಯಕ್ಕೆ ಬೆಲೆ ತೆರುವವರು ನೀವು. 2022ರ ಆಗಸ್ಟ್ 8ರಂದು ಅಮೆರಿಕ ಟೊರ್ನೇಡೊ ಕ್ಯಾಶ್ ಎಂಬ ಮಿಕ್ಸರ್ (ಹಲವರ ನಾಣ್ಯಗಳನ್ನು ಬೆರೆಸಿ ಜಾಡು ಮರೆಸುವ ಸೇವೆ) ಮೇಲೆ ನಿರ್ಬಂಧ ಹೇರಿದಾಗ ಯಾರೋ ಕಿಡಿಗೇಡಿ ಅದರ ಮೂಲಕ ಬಿಟ್‌ಕಾಯಿನ್‌ನಂಥದೇ ಇನ್ನೊಂದು ನಾಣ್ಯವಾದ ಈಥರ್‌ನ 0.1ರಷ್ಟು ಮೊತ್ತವನ್ನು ಹೆಸರಾಂತ ವ್ಯಕ್ತಿಗಳ ವಿಳಾಸಗಳಿಗೆ ಕೇಳದೆಯೇ ಕಳಿಸಿದ. ಬಂದ ಜಮೆಯನ್ನು ನಿರಾಕರಿಸಲು ಅಲ್ಲಿ ಅವಕಾಶವಿಲ್ಲ. ಹನಿ ವಿಷದ ಲೆಕ್ಕವನ್ನು ಅಕ್ಷರಶಃ ಹಿಡಿದರೆ ಅವರೆಲ್ಲರ ವಿಳಾಸಗಳೂ ಅಂದಿನಿಂದ ಕಳಂಕಿತ. ಅದೇ ಟೊರ್ನೇಡೊ ಕ್ಯಾಶ್ 2025ರ ಮಾರ್ಚ್‌ನಲ್ಲಿ ನಿರ್ಬಂಧದ ಪಟ್ಟಿಯಿಂದ ಹೊರಬಿತ್ತು. ಕಡತದಲ್ಲಿ ಒಂದಕ್ಷರವೂ ಬದಲಾಗಲಿಲ್ಲ.

ಶುದ್ಧಿಯೂ ಹೀಗೆಯೇ ಹೊರಗಿನಿಂದ ಬರುತ್ತದೆ. ಸಿಲ್ಕ್ ರೋಡ್ ಎಂಬ ಮಾದಕವಸ್ತು ಪೇಟೆಯಿಂದ ವಶಪಡಿಸಿಕೊಂಡ ಸುಮಾರು 30,000 ಬಿಟ್‌ಕಾಯಿನ್‌ಗಳನ್ನು ಅಮೆರಿಕದ ಮಾರ್ಷಲ್ ಸೇವೆ 2014ರಲ್ಲಿ ಹರಾಜು ಹಾಕಿತು, ಹೂಡಿಕೆದಾರ ಟಿಮ್ ಡ್ರೇಪರ್ ಅವನ್ನು ಕೊಂಡರು. ಅವುಗಳ ವಂಶಾವಳಿಯಷ್ಟು ಕುಖ್ಯಾತವಾದದ್ದು ಇನ್ನೊಂದಿರಲಿಲ್ಲ, ಆದರೂ ಸರ್ಕಾರದ ಮುದ್ರೆ ಬಿದ್ದ ಮೇಲೆ ಆ ನಾಣ್ಯಗಳ ಬಗ್ಗೆ ಯಾರೂ ಚಕಾರವೆತ್ತಲಿಲ್ಲ. ತದ್ವಿರುದ್ಧ ದಿಕ್ಕಿನಲ್ಲಿ ನಡೆದದ್ದು ಇನ್ನೂ ವಿಚಿತ್ರ. 1 ಬಿಟ್‌ಕಾಯಿನ್ ಎಂದರೆ 10 ಕೋಟಿ ಸತೋಶಿ. 2023ರ ಜನವರಿಯಲ್ಲಿ ಬಂದ ಆರ್ಡಿನಲ್ಸ್ ಎಂಬ ಪದ್ಧತಿ, ಮೊದಲು ಬಂದದ್ದು ಮೊದಲು ಹೊರಗೆ ಎಂಬ ಅದೇ ಸೂತ್ರದಿಂದ, ಪ್ರತಿಯೊಂದು ಸತೋಶಿಗೂ ಕ್ರಮಸಂಖ್ಯೆ ಕೊಟ್ಟಿತು. 2024ರ ಏಪ್ರಿಲ್‌ನ ಹಾಲ್ವಿಂಗ್‌ನಲ್ಲಿ (ಪ್ರತಿ ಬ್ಲಾಕಿಗೆ ಹುಟ್ಟುವ ಹೊಸ ನಾಣ್ಯಗಳು ಅರ್ಧಕ್ಕಿಳಿಯುವ ಘಟ್ಟ), ಅಂದರೆ 8,40,000ನೇ ಬ್ಲಾಕಿನಲ್ಲಿ, ಹುಟ್ಟಿದ ಮೊದಲ ಸತೋಶಿಯೊಂದನ್ನು 33.3 ಬಿಟ್‌ಕಾಯಿನ್ ಕೊಟ್ಟು ಕೊಂಡವರಿದ್ದಾರೆ. ಫ್ಯಾನ್ಸಿ ನಂಬರಿನ ಹುಚ್ಚು ಎಂದು ನಾವು ನಗಬಹುದು, ಆದರೆ ಕೊಳ್ಳುವವನಿಗೆ ಭೇದ ಕಂಡಮೇಲೆ ಮಾರುಕಟ್ಟೆಗೂ ಭೇದ ಇದೆ ಎಂದೇ ಅರ್ಥ.

ಕಾಗದದ ನೋಟಿಗೂ ಕ್ರಮಸಂಖ್ಯೆ ಇದೆಯಲ್ಲ, ಅದಕ್ಕೇಕೆ ಈ ಕಾಟವಿಲ್ಲ ಎಂದು ನೀವು ಕೇಳಬಹುದು. ಇತ್ತು. ಸ್ಕಾಟ್ಲೆಂಡಿನ ಕ್ರಾಫರ್ಡ್ ಎಂಬಾತ ನೋಟುಗಳ ಸಂಖ್ಯೆ ಬರೆದಿಟ್ಟುಕೊಂಡು, ಅವುಗಳ ಮೇಲೆ ತನ್ನ ಹೆಸರನ್ನೂ ಬರೆದು ಅಂಚೆಯಲ್ಲಿ ಕಳಿಸಿದ. ನೋಟು ಕಳೆದುಹೋಗಿ ಕೊನೆಗೆ ಬ್ಯಾಂಕೊಂದರಲ್ಲಿ ಸಿಕ್ಕಿದಾಗ ತನ್ನದೆಂದು ಕೇಳಿದ. 1749ರಲ್ಲಿ ನ್ಯಾಯಾಲಯ ಅವನಿಗೆ ಕೊಡಲಿಲ್ಲ. ಹೀಗೆ ಪ್ರತಿ ನೋಟಿನ ಪೂರ್ವಾಪರ ವಿಚಾರಿಸಬೇಕಾಗಿ ಬಂದರೆ ಹಣ ಚಲಾವಣೆಯಾಗುವುದೇ ನಿಲ್ಲುತ್ತದೆ ಎಂಬುದು ಅದರ ತರ್ಕ. 1758ರಲ್ಲಿ ಇಂಗ್ಲೆಂಡಿನ ಲಾರ್ಡ್ ಮ್ಯಾನ್ಸ್‌ಫೀಲ್ಡ್, ಅಂಚೆ ಲೂಟಿಯಲ್ಲಿ ಹೋದ ನೋಟೊಂದನ್ನು ಪ್ರಾಮಾಣಿಕವಾಗಿ ಪಡೆದ ಛತ್ರದ ಮಾಲೀಕನ ಪರವಾಗಿ ಇದೇ ತೀರ್ಪು ಕೊಟ್ಟರು. ನೋಟುಗಳ ಸಮಾನತೆ ಅಚ್ಚಿನ ಮನೆಯಲ್ಲಿ ಹುಟ್ಟಿದ್ದಲ್ಲ, ನ್ಯಾಯಾಲಯದಲ್ಲಿ ಹುಟ್ಟಿದ್ದು. ಅದನ್ನು ಆಳುವವರು ಹಿಂದಕ್ಕೂ ಪಡೆಯಬಲ್ಲರು: 2016ರ ನವೆಂಬರ್ 8ರ ರಾತ್ರಿಯ ನಂತರ ಐದು ನೂರರ ನೋಟು ನೂರರ ಐದು ನೋಟುಗಳಿಗೆ ಸಮವಾಗಿ ಉಳಿಯಲಿಲ್ಲ. ಜನರೂ ಹಿಂದಕ್ಕೆ ಪಡೆಯಬಲ್ಲರು. ಹತ್ತು ರೂಪಾಯಿ ನಾಣ್ಯದ 14 ವಿನ್ಯಾಸಗಳೂ ಊರ್ಜಿತ ಎಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಸಾರಿದ ಮೇಲೂ ನಮ್ಮ ಕಡೆಯ ಎಷ್ಟು ಅಂಗಡಿಗಳಲ್ಲಿ, ಬಸ್ಸುಗಳಲ್ಲಿ ಅದನ್ನು ಮುಟ್ಟಲಿಲ್ಲವೆಂಬುದು ನಿಮಗೇ ಗೊತ್ತು.

ಬಿಟ್‌ಕಾಯಿನ್‌ಗೆ ಭಾರತದಲ್ಲಿ ಈ ರಕ್ಷಣೆಯ ಬಲ ಇಲ್ಲ, ಏಕೆಂದರೆ ಅದಕ್ಕೆ ಇಲ್ಲಿ ಹಣದ ಸ್ಥಾನವಿಲ್ಲ. ಇಂಥ ನಾಣ್ಯಗಳ ವ್ಯವಹಾರಕ್ಕೆ ಸೇವೆ ಕೊಡಬಾರದೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳ ಮೇಲೆ ಹೇರಿದ್ದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ತೆಗೆದುಹಾಕಿತು. 2022ರ ಹಣಕಾಸು ಕಾಯ್ದೆ ಬಿಟ್‌ಕಾಯಿನ್‌ನಂಥವನ್ನು ವರ್ಚುವಲ್ ಡಿಜಿಟಲ್ ಆಸ್ತಿ ಎಂದು ಕರೆದು ಲಾಭದ ಮೇಲೆ ಶೇ. 30 ತೆರಿಗೆ ಹಾಕಿತು. 2025ರ ಅಕ್ಟೋಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕ್ರಿಪ್ಟೊ, ಅಂದರೆ ಇಂಥ ನಾಣ್ಯ, ಒಂದು ಬಗೆಯ ಆಸ್ತಿ ಎಂದಿತು. ಆಸ್ತಿ ಎಂದರೆ ಕೊಂಡವರಿಗೆ ಒಂದು ಅನುಕೂಲ, ಒಂದು ಅನನುಕೂಲ: ನಿಮ್ಮದನ್ನು ಯಾರಾದರೂ ಕಬಳಿಸಿದರೆ ಕೇಳುವ ಹಕ್ಕಿದೆ, ಹಾಗೆಯೇ ನಿಮ್ಮ ಕೈಗೆ ಬಂದದ್ದು ಇನ್ನೊಬ್ಬರ ಕಳವಿನ ಸೊತ್ತಾಗಿದ್ದರೆ ಅವರಿಗೂ ಅದೇ ಹಕ್ಕಿದೆ, ಮತ್ತು ಕದ್ದವನಿಂದ ಕೊಂಡವನಿಗೆ ಕದ್ದವನಿಗಿಂತ ಹೆಚ್ಚಿನ ಹಕ್ಕು ಬರುವುದಿಲ್ಲ ಎಂಬುದೇ ಸರಕು ಮಾರಾಟದ ಸಾಮಾನ್ಯ ನಿಯಮ.

ಇತರ ನಾಣ್ಯಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮೊನೆರೊ 2014ರಿಂದಲೂ ಕಳಿಸಿದವರು, ಪಡೆದವರು ಮತ್ತು, 2017ರಿಂದೀಚೆಗೆ, ಮೊತ್ತ ಯಾವುದೂ ಹೊರಗೆ ಕಾಣದಂತೆ ಕಟ್ಟಿದ ಜಾಲ. ಅಲ್ಲಿ ವಂಶಾವಳಿಯೇ ಮಸುಕಾಗಿರುವುದರಿಂದ ಒಂದು ನಾಣ್ಯ ಇನ್ನೊಂದಕ್ಕೆ ನಿಜಕ್ಕೂ ಸಮ. ಫಲವೇನೆಂದರೆ ಬಿಡಿ ನಾಣ್ಯದ ಬದಲು ಇಡೀ ಕುಲವೇ ಸಂಶಯಕ್ಕೆ ಒಳಗಾಗಿ, 2024ರ ಫೆಬ್ರವರಿಯಲ್ಲಿ ಬೈನಾನ್ಸ್ ಎಂಬ ದೊಡ್ಡ ಎಕ್ಸ್‌ಚೇಂಜ್ ಅದನ್ನು ತನ್ನ ಪಟ್ಟಿಯಿಂದ ತೆಗೆಯಿತು. ಟೆಲಿಗ್ರಾಂ ಗುಂಪುಗಳಲ್ಲಿ ಹೆಚ್ಚಾಗಿ ಕೈ ಬದಲಾಗುವ, ಡಾಲರಿನ ಬೆಲೆಗೆ ಕಟ್ಟಿದ ನಾಣ್ಯವಾದ ಯುಎಸ್‌ಡಿಟಿಯದು ಮತ್ತೊಂದು ಕಥೆ: ಹೊರಡಿಸಿದ ಟೆದರ್ ಕಂಪನಿಯೇ ಯಾವುದೇ ವಿಳಾಸದಲ್ಲಿರುವ ಮೊತ್ತವನ್ನು ಚಲಿಸದಂತೆ ಕಟ್ಟಿಹಾಕಬಲ್ಲದು, ಹಲವು ಬಾರಿ ಕಟ್ಟಿಹಾಕಿಯೂ ಇದೆ.

ನಮ್ಮ ಕಡೆಯವರು ಮರೆಯುವ ಇನ್ನೊಂದು ಮಗ್ಗುಲಿದೆ. ನಾಣ್ಯಕ್ಕಿಂತ ಹೆಚ್ಚು ಜನರನ್ನು ಸಿಕ್ಕಿಹಾಕಿಸಿರುವುದು ಅದಕ್ಕೆ ಪ್ರತಿಯಾಗಿ ಬರುವ ರೂಪಾಯಿ. ನೀವು ನಾಳೆ ಅಪರಿಚಿತನೊಬ್ಬನಿಗೆ ನಾಣ್ಯ ಮಾರಿ ಯುಪಿಐನಲ್ಲಿ ಹಣ ಪಡೆಯುತ್ತೀರಿ. ಆ ಹಣ ಇನ್ನೆಲ್ಲೋ ಡಿಜಿಟಲ್ ಅರೆಸ್ಟ್ ವಂಚನೆಗೆ ಬಿದ್ದ ವೃದ್ಧರ ಪಿಂಚಣಿಯಾಗಿರಬಹುದು. ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ ಹಣ ಖಾತೆಯಿಂದ ಖಾತೆಗೆ ಹೋದ ಜಾಡು ಹಿಡಿದು ಪೊಲೀಸರು ಒಂದನೇ ಲೇಯರ್, ಎರಡನೇ ಲೇಯರ್ ಎಂದು ಸಾಲಾಗಿ ತಡೆ ಹಾಕಿಸುತ್ತಾರೆ, ಮತ್ತು ಅಡಿಕೆ ಮಾರಿದ ದುಡ್ಡು, ಬೆಳೆ ಸಾಲ ಎಲ್ಲವೂ ಇರುವ ನಿಮ್ಮ ಖಾತೆ ಒಂದು ಬೆಳಿಗ್ಗೆ ಫ್ರೀಜ್ ಆಗಿರುತ್ತದೆ. ಬ್ಯಾಂಕ್ ಮ್ಯಾನೇಜರ್ ಕೈ ಚೆಲ್ಲುತ್ತಾರೆ. ದೂರು ಬೇರೆ ರಾಜ್ಯದ್ದಾಗಿದ್ದರೆ ಶಿವಮೊಗ್ಗದ ಸಿಇಎನ್ (ಸೈಬರ್ ಅಪರಾಧ) ಠಾಣೆಯವರೂ ತಾವಾಗಿ ಅದನ್ನು ಬಿಡಿಸಲಾರರು, ಅಲ್ಲಿನ ತನಿಖಾಧಿಕಾರಿಯ ಪತ್ರವೋ ನ್ಯಾಯಾಲಯದ ಆದೇಶವೋ ಬೇಕಾಗುತ್ತದೆ. ಅದೇ ಹಣ ಕಾಗದದ ನೋಟಾಗಿ ಬಂದಿದ್ದರೆ ಯಾರಿಗೂ ಜಾಡು ಸಿಗುತ್ತಿರಲಿಲ್ಲ. ರೂಪಾಯಿಯೂ ಕಡತದಲ್ಲಿ ಓಡಾಡತೊಡಗಿದ ಕ್ಷಣದಿಂದ ತನ್ನ ಪೂರ್ವಾಪರವನ್ನು ಹೊತ್ತೇ ಓಡಾಡುತ್ತದೆ.

ಡಿಜಿಟಲ್ ರೂಪಾಯಿಯ ಮಾತು. ರಿಸರ್ವ್ ಬ್ಯಾಂಕ್ ಅದನ್ನು ಬ್ಯಾಂಕುಗಳ ನಡುವಿನ ಬಳಕೆಗೆ 2022ರ ನವೆಂಬರ್ 1ರಂದು, ಜನಸಾಮಾನ್ಯರ ಬಳಕೆಗೆ ಅದೇ ಡಿಸೆಂಬರ್ 1ರಂದು ಪ್ರಾಯೋಗಿಕವಾಗಿ ಆರಂಭಿಸಿತು. ಬೆಂಗಳೂರು ಮೊದಲ ನಾಲ್ಕು ನಗರಗಳಲ್ಲಿ ಒಂದು. ಅದಕ್ಕಾಗಿ ಬ್ಯಾಂಕ್ ನೋಟಿನ ವ್ಯಾಖ್ಯೆಗೆ ಡಿಜಿಟಲ್ ರೂಪವನ್ನೂ ಸೇರಿಸಿ ಕಾಯ್ದೆಯನ್ನೇ ತಿದ್ದಿದ್ದಾರೆ. ಹಾಗಾಗಿ ಅದು ಕಾನೂನಿನ ಪ್ರಕಾರ ಹಣ, ನೂರರ ಡಿಜಿಟಲ್ ನೋಟು ನೂರರ ಕಾಗದದ ನೋಟಿಗೆ ಸಮ. ಬಿಟ್‌ಕಾಯಿನ್‌ಗಿರುವ ಅತಂತ್ರ ಸ್ಥಿತಿ ಇದಕ್ಕಿಲ್ಲ. ನನ್ನ ಅನುಮಾನ ಬೇರೆ ಕಡೆಗಿದೆ. ಇಂಥ ಉದ್ದೇಶಕ್ಕೆ ಮಾತ್ರ ಖರ್ಚಾಗುವಂತೆ ಅದಕ್ಕೆ ಷರತ್ತು ಹೂಡುವ ಸೌಲಭ್ಯವನ್ನು ಪ್ರಾಯೋಗಿಕವಾಗಿ ಸೇರಿಸುವುದಾಗಿ ರಿಸರ್ವ್ ಬ್ಯಾಂಕ್ 2024ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಕೊಳೆರೋಗದ ಔಷಧಿ ಸಿಂಪಡಣೆಗೆಂದು ಸಹಾಯಧನ ಬಂತು, ಅದು ಮೈಲುತುತ್ತ ಮಾರುವ ಅಂಗಡಿಯಲ್ಲಿ ಮಾತ್ರ, ಮಳೆಗಾಲ ಮುಗಿಯುವುದರೊಳಗೆ ಮಾತ್ರ ಚಲಾವಣೆಯಾಗುತ್ತದೆ ಎಂದು ಊಹಿಸಿಕೊಳ್ಳಿ. ಸಹಾಯಧನ ದುರುಪಯೋಗವಾಗಬಾರದೆಂಬ ದೃಷ್ಟಿಯಿಂದ ಅದು ಒಳ್ಳೆಯದೇ ಇರಬಹುದು, ಆದರೆ ಕೂಲಿಯವರಿಗೆ ಕೊಡಲಾಗದ ಆ ನೂರು ರೂಪಾಯಿ ನಿಮ್ಮ ಜೇಬಿನ ನೂರು ರೂಪಾಯಿಗೆ ಸಮವೆಂದು ನಾನು ಹೇಳಲಾರೆ.

ಇನ್ನು ನಿಮ್ಮ 0.02. ಎಕ್ಸ್‌ಚೇಂಜಿನಲ್ಲಿ ನೀವು ಕೊಂಡದ್ದು ವಾಸ್ತವದಲ್ಲಿ ಯಾವುದೋ ಗೊತ್ತಾದ ತುಂಡಲ್ಲ, ಅವರ ಒಟ್ಟು ದಾಸ್ತಾನಿನ ಮೇಲೆ ನಿಮಗಿರುವ ಲೆಕ್ಕ. ಅದಕ್ಕೆ ಅವರ ಬಿಲ್ಲು, ನಿಮ್ಮ ಬ್ಯಾಂಕ್ ದಾಖಲೆ ಆಧಾರವಾಗಿವೆ. ಫೋನಿನಲ್ಲಿರುವುದಕ್ಕೆ ವಂಶಾವಳಿ ಇದೆ, ಆಧಾರವಿಲ್ಲ. ತಮ್ಮನ ಮಾತಿನಂತೆ ಎರಡನ್ನೂ ಕೂಡಿಸಬೇಡಿ. ಆ ವಾಲೆಟ್‌ಗೆ ಬೇರೇನನ್ನೂ ತರಿಸಿಕೊಳ್ಳಬೇಡಿ, ಅದರಿಂದ ಎಕ್ಸ್‌ಚೇಂಜಿಗೆ ಸುಮ್ಮನೆ ಕಳಿಸಲೂಬೇಡಿ, ಏಕೆಂದರೆ ತಡೆ ಬಿದ್ದರೆ ಅದು 0.02ಕ್ಕೆ ಮಾತ್ರ ನಿಲ್ಲದೆ ನಿಮ್ಮ ಇಡೀ ಖಾತೆಗೆ ಬೀಳಬಹುದು. ತೊಳೆದು ಕೊಡುತ್ತೇವೆನ್ನುವ ಮಿಕ್ಸರ್‌ಗಳ ಹತ್ತಿರ ಸುಳಿಯಬೇಡಿ. ಮಿಕ್ಸರ್ ದಾಟಿ ಬಂದ ತುಂಡಿಗೆ ಅಪಾಯದ ಅಂಕ ಇನ್ನೂ ಏರುತ್ತದೆ. ವ್ಯವಹಾರದ ಐಡಿ, ಹಣ ಕಳಿಸಿದ ಯುಪಿಐ ಉಲ್ಲೇಖ ಸಂಖ್ಯೆ, ಪಡೆದ ಖಾತೆ ಯಾರ ಹೆಸರಿನಲ್ಲಿದೆ ಎಂಬ ವಿವರ, ಟೆಲಿಗ್ರಾಂ ಮಾತುಕತೆ ಎಲ್ಲವನ್ನೂ ಇಂದೇ ತೆಗೆದಿಡಿ, ಗುಂಪು ನಾಳೆ ಅಳಿಸಿಹೋಗಬಹುದು. ಹೀಗೆ ನೇರವಾಗಿ ಕೊಂಡಾಗ ಶೇ. 1 ಟಿಡಿಎಸ್ ಕಡಿದು ಕಟ್ಟುವ ಹೊಣೆ ಕೊಳ್ಳುವವರ ಮೇಲೆಯೇ ಇದೆ, ವರ್ಷದ ಮಿತಿ ದಾಟಿದ್ದರೆ. ಅದನ್ನು ನಿಮ್ಮ ಲೆಕ್ಕಪರಿಶೋಧಕರಲ್ಲಿ ಕೂಡಲೇ ವಿಚಾರಿಸಿ.

ಮುಂದೆ ಮಾರಲೇಬೇಕಾದರೆ, ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಂಡಿರುವ ಎಕ್ಸ್‌ಚೇಂಜಿಗೆ ಈ ದಾಖಲೆಗಳನ್ನು ಮೊದಲೇ ಬರೆದು ಕಳಿಸಿ, ಈ ತುಂಡನ್ನು ಸ್ವೀಕರಿಸುತ್ತೀರಾ ಎಂದು ಕೇಳಿ, ಲಿಖಿತ ಉತ್ತರ ಬಂದ ಮೇಲೆಯೇ ಜಮಾ ಮಾಡಿ. ಆ ಗುಂಪಿನಿಂದ ಇನ್ನೊಮ್ಮೆ ಕೊಳ್ಳುವ ಪ್ರಶ್ನೆಯೇ ಬರಕೂಡದು. ದಿನವಿಡೀ ತೆರೆದ ಮಾರುಕಟ್ಟೆಯಲ್ಲಿ ಪೂರ್ತಿ ಬೆಲೆ ಸಿಗುವ ಮಾಲನ್ನು ಯಾರೂ ಕಾರಣವಿಲ್ಲದೆ ಶೇ. 8 ಬಿಟ್ಟು ಮಾರುವುದಿಲ್ಲ. ಕಳವಿನ ಮಾಲೆಂದು ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಲ್ಲಿ ಅಪರಾಧ. ಈಗ ವಿಷಯ ತಿಳಿದ ಮೇಲೆ ಮತ್ತೆ ಕೊಂಡರೆ, ಆ ಶೇ. 8ರ ರಿಯಾಯಿತಿಯನ್ನೇ ‘ನಂಬಲು ಕಾರಣ’ವೆಂದು ತನಿಖಾಧಿಕಾರಿ ನಿಮ್ಮ ಮುಂದಿಡಬಹುದು.